ಗಾರ್ವೆನ್ ಸೇತುವೆಯ ಟೆಗ್ವೆನ್ ಕಾರು ಕಲಿತದ್ದು

ಗಾರ್ವೆನ್ ಹೊಳೆಗೆ ಕಲ್ಲಿನ ಸೇತುವೆ ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಕುದುರೆ ಗಾಡಿ. ಮೂರು ಕಮಾನು, ಅದರಲ್ಲಿ ನಡುವಿನದು ಎತ್ತರ. ಹಾಗಾಗಿ ರಸ್ತೆ ಬೆಕ್ಕು ಬೆನ್ನು ಎತ್ತಿದ ಹಾಗೆ ಏರಿ ಇಳಿಯುತ್ತದೆ. ಈ ಕಡೆಯಿಂದ ಹೊರಟವರಿಗೆ ಆ ಕಡೆಯಿಂದ ಬರುವವರು ಕಾಣುವುದಿಲ್ಲ. ಎರಡು ಕಾರು ಪಕ್ಕಪಕ್ಕದಲ್ಲಿ ಹೋಗುವಷ್ಟು ಅಗಲವೂ ಇಲ್ಲ. ಎರಡು ಬದಿಯ ಗೋಡೆಗಳ ಮೇಲೆ ಕೆಂಪು, ಬಿಳಿ, ನೀಲಿ ಬಣ್ಣದ ಗೀರುಗಳಿವೆ. ಯಾವ ಗೀರು ಯಾರ ಗಾಡಿಯದು ಎಂದು ನಮ್ಮ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು.

ಕಮಾನು ಹೊತ್ತ ಕಂಬಗಳಿರುವ ಕಡೆ ಗೋಡೆ ಹೊಳೆಯತ್ತ ಮೂಗಿನಂತೆ ಚಾಚಿಕೊಂಡಿದೆ. ಗಾಡಿ ಬಂದಾಗ ನಡೆದು ಹೋಗುವವರು ಸರಿದು ನಿಲ್ಲಲಿ ಎಂದು ಮಾಡಿದ ಮೂಲೆಗಳು ಅವು. ಪೇಟೆಯ ಕಡೆಗಿರುವ ಮೂಲೆಯಲ್ಲಿ ನಿಂತರೆ ಸೇತುವೆಯ ಎರಡೂ ತುದಿ ಕಾಣುತ್ತವೆ. ಬೇರೆಲ್ಲಿ ನಿಂತರೂ ಕಾಣುವುದಿಲ್ಲ. ಟೆಗ್ವೆನ್ ಆಂಟಿ ನಿಲ್ಲುತ್ತಿದ್ದದ್ದು ಆ ಮೂಲೆಯಲ್ಲಿ.

ಸೇತುವೆಯ ನಮ್ಮ ಕಡೆಯ ತುದಿಯಲ್ಲಿ ಎಂಟು ಮೂಲೆಯ ಪುಟ್ಟ ಮನೆಯೊಂದಿದೆ. ಹಿಂದೆ ಅಲ್ಲಿ ಸುಂಕ ವಸೂಲಿ ಮಾಡುತ್ತಿದ್ದರಂತೆ. ಟೆಗ್ವೆನ್ ಹುಟ್ಟಿದ್ದು, ಬೆಳೆದದ್ದು, ಅಪ್ಪ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡದ್ದು ಎಲ್ಲ ಆ ಮನೆಯಲ್ಲೇ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಕಟ್ಕೊಂಡೋನು ಸೇತುವೆ ದಾಟಿಸಿ ಕರ್ಕೊಂಡು ಹೋಗ್ತಾನೆ. ಆಮೇಲೆ ಇಲ್ಲಿ ನಿಮಗೆಲ್ಲ ಕೈ ತೋರಿಸೋರ್ಯಾರು?" ಎನ್ನುತ್ತಿದ್ದರು.

ಐವತ್ತು ದಾಟಿದರೂ ಕಾರು ಓಡಿಸಲು ಬಾರದವರು ನಮ್ಮ ಕಣಿವೆಯಲ್ಲಿ ಅವರೊಬ್ಬರೇ. ಅವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಯಾವ ಗಾಡಿಯಾದರೂ ಸೇತುವೆಯ ಹತ್ತಿರ ನಿಧಾನವಾಗಲೇಬೇಕು. ಪೇಟೆಗೆ ಹೋಗಬೇಕಾದರೆ ಟೆಗ್ವೆನ್ ಚೀಲ ಹಿಡಿದು ಆ ಮೂಲೆಯಲ್ಲಿ ನಿಲ್ಲುತ್ತಿದ್ದರು, ಮೊದಲು ಬಂದವರು ಬಾಗಿಲು ತೆಗೆಯುತ್ತಿದ್ದರು. ಹಾಗೆ ಕಾಯುತ್ತಾ ನಿಂತಾಗಲೇ ಕೈ ತೋರಿಸುವ ಅಭ್ಯಾಸ ಶುರುವಾಯಿತಂತೆ. ಅಂಗೈ ಎತ್ತಿದರೆ ನಿಲ್ಲು. ಕೈ ಬೀಸಿದರೆ ಬಾ. ಎರಡೂ ಕೈ ಅಗಲಿಸಿದರೆ ದೊಡ್ಡ ಗಾಡಿ ಬರುತ್ತಿದೆ, ಹಿಂದೆ ಸರಿ. ತಲೆಯ ಎರಡು ಬದಿಗೂ ಬೆರಳಿಟ್ಟರೆ ಕುರಿ ಹಿಂಡು, ಎಂಜಿನ್ ಆರಿಸಿ ಆರಾಮಾಗಿ ಕೂತುಕೋ. ಬರಬರುತ್ತಾ ಪೇಟೆಗೆ ಹೋಗುವ ಕೆಲಸ ಇಲ್ಲದ ದಿನವೂ ಅವರು ಹೋಗಿ ನಿಲ್ಲತೊಡಗಿದರು. ಬೆಳಗ್ಗೆ ಜನ ಕೆಲಸಕ್ಕೆ ಹೋಗುವ ಹೊತ್ತಿಗೆ ಸ್ವಲ್ಪ, ಸಂಜೆ ಬರುವ ಹೊತ್ತಿಗೆ ಸ್ವಲ್ಪ. ಯಾರೂ ಕೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ನಮ್ಮಲ್ಲಿ ಒಂದೇ ಹೆಸರಿನವರು ಬಹಳ. ಆದ್ದರಿಂದ ಹೆಸರಿನ ಜೊತೆ ಮನೆಯನ್ನೋ ಕೆಲಸವನ್ನೋ ಸೇರಿಸಿ ಕರೆಯುತ್ತೇವೆ. ಹಾಲಿನ ಟ್ಯಾಂಕರ್ ಓಡಿಸುವವಳು ಹಾಲು ನೆಸ್ಟಾ. ಗುಡ್ಡದ ಮೇಲೆ ಕುರಿ ಸಾಕಿಕೊಂಡಿರುವ ಮುದುಕರು ಮೇಲ್ಮನೆ ಇಥೆಲ್. ಟೆಗ್ವೆನ್ ಅವರು ಊರ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದುದರಿಂದ ಅಡುಗೆ ಟೆಗ್ವೆನ್ ಆಗಬೇಕಿತ್ತು. ಆದರೆ ಅವರನ್ನು ಎಲ್ಲರೂ ಸೇತುವೆ ಟೆಗ್ವೆನ್ ಎಂದೇ ಕರೆಯುತ್ತಿದ್ದರು.

ಆ ಊರ ಶಾಲೆಯನ್ನು ಮುಚ್ಚುತ್ತಾರೆ ಎಂಬ ಸುದ್ದಿ ವಸಂತದಲ್ಲಿ ಬಂತು. ಮಕ್ಕಳು ಬೆರಳಲ್ಲಿ ಎಣಿಸುವಷ್ಟು ಉಳಿದಿದ್ದರು. ಬೇಸಿಗೆ ರಜೆ ಮುಗಿದ ಮೇಲೆ ಅವರೆಲ್ಲ ಹೊಳೆ ದಾಟಿ ಪೇಟೆಯ ದೊಡ್ಡ ಶಾಲೆಗೆ ಹೋಗಬೇಕು. ಪೇಟೆ ಶಾಲೆಯ ಮುಖ್ಯೋಪಾಧ್ಯಾಯಿನಿ ಒಂದು ದಿನ ನಮ್ಮ ಶಾಲೆ ನೋಡಲು ಬಂದವರು ಮಕ್ಕಳ ಜೊತೆ ಊಟಕ್ಕೆ ಕೂತರು. ಅಂದು ಈರುಳ್ಳಿ ಜಾತಿಯ ಲೀಕ್ ಹಾಕಿದ ಕುರಿಮಾಂಸದ ಸಾರು, ಕಾವಲಿಯ ಮೇಲೆ ಸುಟ್ಟ ಒಣದ್ರಾಕ್ಷಿಯ ಬಿಲ್ಲೆ. ಊಟ ಮುಗಿಸಿ ಅವರು ಅಡುಗೆಮನೆಗೆ ಬಂದು, "ನಮ್ಮ ಅಡುಗೆಯವರು ಕೆಲಸ ಬಿಡ್ತಿದ್ದಾರೆ, ನೀವು ಬರ್ತೀರಾ?" ಎಂದು ಕೇಳಿದರು.

ಟೆಗ್ವೆನ್ ಕೈ ಒರೆಸಿಕೊಳ್ಳುತ್ತಾ, "ಬರ್ತೀನಿ," ಎಂದರು. ಆಮೇಲೆ, "ಎಷ್ಟು ಹೊತ್ತಿಗೆ?" ಎಂದರು.

ತೊಂದರೆ ಇದ್ದದ್ದು ಅಲ್ಲಿ. ದೊಡ್ಡ ಶಾಲೆಯ ಒಲೆ ಬೆಳಗ್ಗೆ ಏಳೂವರೆಗೆ ಹತ್ತಬೇಕು. ಆ ಹೊತ್ತಿಗೆ ಬಸ್ಸಿಲ್ಲ. ನೆಸ್ಟಾ ಅಷ್ಟರೊಳಗೆ ಹಾಲು ತುಂಬಿಸಿಕೊಂಡು ಹೋಗಿರುತ್ತಾಳೆ, ಅದೂ ಅಲ್ಲದೆ ಟ್ಯಾಂಕರಿನಲ್ಲಿ ಬೇರೆಯವರನ್ನು ಕೂರಿಸುವಂತಿಲ್ಲ. ಉಳಿದವರೆಲ್ಲ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಾರೆ. ದಿನಾ ಹೊತ್ತಿಗೆ ಸರಿಯಾಗಿ ಹೋಗಬೇಕೆಂದರೆ ಕಾರು ಓಡಿಸಲು ಕಲಿಯಬೇಕು, ಪರೀಕ್ಷೆ ಪಾಸಾಗಬೇಕು. ಮುಖ್ಯೋಪಾಧ್ಯಾಯಿನಿ ರಜೆ ಮುಗಿಯುವವರೆಗೆ ಕೆಲಸ ಕಾದಿರಿಸುತ್ತೇನೆ ಎಂದರು. ಅದಕ್ಕಿಂತ ಹೆಚ್ಚು ಕಾಯುವುದು ಅವರ ಕೈಯಲ್ಲಿರಲಿಲ್ಲ.

ಅಂದು ಸಂಜೆ ಸೇತುವೆಯ ಮೂಲೆಯಲ್ಲಿ ಟೆಗ್ವೆನ್ ಈ ವಿಷಯ ಹೇಳಿದಾಗ ಇಥೆಲ್ ತಮ್ಮ ಪಿಕಪ್ಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕರು.

"ನೀನಾ? ಕಾರಾ? ಮಗಳೇ, ಹೋದ ವರ್ಷ ನನ್ನ ಕೈಗಾಡಿ ತಳ್ಕೊಂಡು ಹೋಗಿ ಗೇಟಿಗೆ ಗುದ್ದಿದ್ದೆಯಲ್ಲ!"

"ಅದಕ್ಕೆ ಬ್ರೇಕಿರಲಿಲ್ಲ ಇಥೆಲ್. ಕಾರಿಗೆ ಇರತ್ತಂತೆ."

ಹಿಂದಿನಿಂದ ಬಂದು ನಿಂತಿದ್ದ ನೆಸ್ಟಾ ಇಳಿದು ಬಂದಳು. ಮೂವತ್ತರ ಹೆಣ್ಣು, ತೋಳು ಮಡಚಿ ನಿಂತರೆ ದೊಡ್ಡ ದೊಡ್ಡ ಗಂಡಸರೂ ದಾರಿ ಬಿಡುತ್ತಾರೆ. "ಆಂಟಿ, ಕೆಲಸ ಬೇಕೇ ಬೇಕಾ? ಹೊಲಿಗೆ ಗೊತ್ತು ನಿಮಗೆ, ಮನೇಲೇ ಕೂತು ಏನಾದ್ರೂ ಮಾಡಬಹುದು."

"ನನಗೆ ಕೆಲಸ ಬೇಕು, ನಿಜ. ಆದ್ರೆ ಅದೊಂದೇ ಅಲ್ಲ," ಎಂದರು ಟೆಗ್ವೆನ್. "ನಮ್ಮ ಹುಡುಗ್ರು ಅಲ್ಲಿ ಹೋಗಿ ನಿಲ್ತಾರೆ. ಇನ್ನೂರು ಮಕ್ಕಳ ಮಧ್ಯೆ. ಯಾರ ಮುಖವೂ ಗೊತ್ತಿರಲ್ಲ. ಊಟ ಬಡಿಸೋ ಕಿಟಕೀಲಾದ್ರೂ ಗೊತ್ತಿರೋ ಮುಖ ಒಂದು ಬೇಡ್ವಾ?"

ಇಥೆಲ್ ನಗು ನಿಲ್ಲಿಸಿದರು. ನೆಸ್ಟಾ ತೋಳು ಬಿಚ್ಚಿ, "ಭಾನುವಾರ ಚಾಪೆಲ್ ಪ್ರಾರ್ಥನೆ ಮುಗಿದ ಕೂಡಲೇ ರೆಡಿಯಾಗಿರಿ. ಅಮ್ಮನ ಕಾರು ತರ್ತೀನಿ," ಎಂದಳು.

ನೆಸ್ಟಾಳ ಅಮ್ಮನ ಕಾರು ಹಸಿರು ಬಣ್ಣದ್ದು, ಚಿಕ್ಕದು. ಎಷ್ಟೋ ಕಾಲದಿಂದ ಕೊಟ್ಟಿಗೆಯ ಪಕ್ಕದಲ್ಲೇ ನಿಂತು ಕಿಟಕಿಯ ರಬ್ಬರಿನಲ್ಲಿ ಪಾಚಿ ಬೆಳೆದಿತ್ತು. ಕಲಿಯುವವರು ಎಂದು ತೋರಿಸುವ ಕೆಂಪು ಅಕ್ಷರದ ಹಲಗೆಯನ್ನು ಹಿಂದೆ ಮುಂದೆ ಕಟ್ಟಿ, ನೆಸ್ಟಾ ಅವರನ್ನು ಪೇಟೆಯ ದನಕುರಿ ಹರಾಜಿನ ಅಂಗಳಕ್ಕೆ ಕರೆದುಕೊಂಡು ಹೋದಳು. ಹರಾಜಿಲ್ಲದ ದಿನ ಅಲ್ಲಿ ಯಾರೂ ಇರುವುದಿಲ್ಲ. ಟೆಗ್ವೆನ್ ಕುರಿ ದೊಡ್ಡಿಗಳ ಸುತ್ತ ಸುತ್ತಿದರು.

"ಆಂಟಿ, ಅದು ಸ್ಟೀರಿಂಗು, ಸೌಟಲ್ಲ. ಯಾಕೆ ಹಾಗೆ ಕಲಕ್ತೀರಾ?"

"ತಳ ಹಿಡಿದೀತು ಅಂತ."

"ನಗಿಸಬೇಡಿ. ಕ್ಲಚ್ಚು. ಕ್ಲಚ್ಚು! ಅಯ್ಯೋ, ಗೇರಿಗೆ ಜೀವ ಇದ್ದಿದ್ರೆ ಅಳ್ತಿತ್ತು."

ಆದರೆ ಟೆಗ್ವೆನ್ ಬೇಗ ಕಲಿತರು. ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪರೀಕ್ಷೆ ಮೊದಲ ಸಲಕ್ಕೇ ಪಾಸಾಯಿತು. ಅಷ್ಟು ವರ್ಷ ರಸ್ತೆಯನ್ನೇ ನೋಡಿಕೊಂಡು ನಿಂತವರಿಗೆ ಅದು ಕಷ್ಟವಾಗಲಿಲ್ಲ. ಜೂನ್ ಹೊತ್ತಿಗೆ ಅವರು ಮನೆಯಿಂದ ಪೇಟೆಗೆ ಓಡಿಸಿಕೊಂಡು ಹೋಗಿ ಬರುತ್ತಿದ್ದರು, ನೆಸ್ಟಾ ಪಕ್ಕದಲ್ಲಿ ಕೂತು ಸೇಬು ತಿನ್ನುತ್ತಿದ್ದಳು.

ಇಲ್ಲಿ ಒಂದು ವಿಷಯವನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಹಸಿರು ಕಾರು ಬರುವುದು ಕಂಡರೆ ಸಾಕು, ಸೇತುವೆಯ ಮೂಲೆಗೆ ಯಾರಾದರೂ ಓಡಿ ಹೋಗಿ ನಿಂತು ಕೈ ಬೀಸುತ್ತಿದ್ದರು. ಒಮ್ಮೆ ಅಂಚೆಯವನು, ಒಮ್ಮೆ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಯಾರೋ, ಹೆಚ್ಚಾಗಿ ಇಥೆಲ್. ಇಷ್ಟು ವರ್ಷ ನಮಗೆ ಕೈ ತೋರಿಸಿದವರು, ಈಗ ನಾವು ಅವರಿಗೆ ತೋರಿಸೋಣ ಎಂಬ ಪ್ರೀತಿ ಅದು. ನೆಸ್ಟಾಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಣಿವೆಯವರಿಗೆಲ್ಲ ಆ ಮೂಲೆಯಲ್ಲಿ ಒಂದು ಕೈ ಇರುವುದು ಅಷ್ಟು ಸಹಜವಾಗಿತ್ತು.

ಮೊದಲ ಪರೀಕ್ಷೆಯ ದಿನ ಇಥೆಲ್ ಚಾಪೆಲ್‌ಗೆ ಹಾಕುವ ಕಪ್ಪು ಕೋಟು ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದರು.

ಪರೀಕ್ಷಕಿ ಕಡಲ ತೀರದ ಊರಿನವರು. ತೆಳ್ಳಗೆ, ನೆಟ್ಟಗೆ ಕೂರುವವರು, ಮಾತು ಕಡಿಮೆ. ಪೇಟೆಯಿಂದ ಹೊರಟು, ವೃತ್ತ ದಾಟಿ, ಗುಡ್ಡದ ಬುಡದ ರಸ್ತೆ ಹಿಡಿದು ಬರುವವರೆಗೆ ಎಲ್ಲವೂ ಸರಿಯಾಗಿತ್ತು. ಸೇತುವೆಯ ಬಳಿ ಟೆಗ್ವೆನ್ ನಿಧಾನ ಮಾಡಿದರು, ಮೂಲೆಯತ್ತ ನೋಡಿದರು. ಇಥೆಲ್ ಮದುವೆ ಮೆರವಣಿಗೆ ಸ್ವಾಗತಿಸುವವರಂತೆ ದೊಡ್ಡದಾಗಿ ಕೈ ಬೀಸಿದರು. ಟೆಗ್ವೆನ್ ಏರಿದರು. ಸೇತುವೆಯ ಎತ್ತರದ ತುದಿಗೆ ಬಂದಾಗ ಎದುರಿಗೆ ಪಾರ್ಸೆಲ್ ವ್ಯಾನು. ಎರಡು ಗಾಡಿಗಳ ನಡುವೆ ಒಂದು ಕುರಿ ನಿಲ್ಲುವಷ್ಟು ಜಾಗ ಉಳಿಯಿತು.

ವ್ಯಾನಿನವನು ಹಿಂದೆ ಹೋದ. ಪೇಟೆಗೆ ಮರಳಿ ಕಾರು ನಿಲ್ಲಿಸಿದ ಮೇಲೆ ಪರೀಕ್ಷಕಿ ಕೇಳಿದರು, "ಸೇತುವೆ ಮೇಲೆ ಕೈ ತೋರಿಸಿದ್ರಲ್ಲ, ಅವರ್ಯಾರು?"

"ಮೇಲ್ಮನೆ ಇಥೆಲ್."

"ಪೊಲೀಸಿನವರಾ?"

"ಅಯ್ಯೋ, ಅವನಾ! ಕುರಿ ಸಾಕ್ತಾನೆ."

"ಹಾಗಿದ್ರೆ ಅವರು ಕೈ ಬೀಸಿದ್ರು ಅಂತ ನೀವು ನುಗ್ಗಬಾರದಿತ್ತು. ದಾರಿ ಖಾಲಿ ಇದೆಯಾ ಅಂತ ನೀವೇ ನೋಡ್ಕೋಬೇಕು."

ಟೆಗ್ವೆನ್ ಅವರ ಕಡೆ ತಿರುಗಿದರು. "ನಾನು ಕೈ ಬೀಸಿದ್ರೆ ಎಲ್ಲರೂ ಬರ್ತಾರಲ್ಲ?"

ಪರೀಕ್ಷಕಿ ಪೆನ್ನಿನ ಮುಚ್ಚಳ ಹಾಕಿದರು. "ಅವರ್ಯಾರೂ ಇವತ್ತು ಪರೀಕ್ಷೆಗೆ ಕೂತಿರಲಿಲ್ಲ."

ನೆಸ್ಟಾಗೆ ಸಿಟ್ಟು ನೆತ್ತಿಗೇರಿತ್ತು. ಅಂದೇ ಗುಡ್ಡ ಹತ್ತಿ ಹೋಗಿ ಇಥೆಲ್ ಅವರ ಅಂಗಳದಲ್ಲಿ ನಿಂತಳು. "ಇಥೆಲ್ ಅಂಕಲ್, ನಿಜ ಹೇಳಿ. ಬೇಕು ಅಂತ ಮಾಡಿದ್ರಿ ಅಲ್ವಾ? ಆಂಟಿ ಹೋಗ್ಬಿಟ್ರೆ ನಿಮಗೆ ಸೇತುವೆ ದಾಟಿಸೋರು ಇರಲ್ಲ ಅಂತ."

ಇಥೆಲ್ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟರು. ಅವರ ಮುಖ ಕೆಂಪಾಯಿತು. "ಟೆಗ್ವೆನ್ ಹೋದ್ರೆ ನಾನೇನು ಮಾಡೋದು ಅಂತ ಯೋಚನೆ ಮಾಡಿದ್ದು ಹೌದು. ಸುಳ್ಳು ಹೇಳಲ್ಲ. ಆದ್ರೆ ಆ ವ್ಯಾನು ನನ್ನ ಕಣ್ಣಿಗೆ ಬೀಳಲಿಲ್ಲ ಕಣೇ. ಕನ್ನಡಕ ಹಾಕ್ಕೊಂಡಿರಲಿಲ್ಲ. ಆ ಕೋಟಿನ ಜೊತೆ ಚೆನ್ನಾಗಿ ಕಾಣಲ್ಲ ಅಂತ."

ನೆಸ್ಟಾ ಈ ಮಾತನ್ನು ಟೆಗ್ವೆನ್‌ಗೆ ಹೇಳಿದಾಗ ಅವರು ನಗಲು ಹೋಗಿ ಅತ್ತುಬಿಟ್ಟರಂತೆ. ಆಮೇಲೆ, "ಎರಡನೇ ಸಲಕ್ಕೆ ಯಾರೂ ಮೂಲೆ ಹತ್ರ ಸುಳಿಯೋದು ಬೇಡ," ಎಂದರಂತೆ.

ನೆಸ್ಟಾ ಇಡೀ ಕಣಿವೆಗೆ ಹೇಳಿಬಂದಳು. ಮೂಲೆಯಲ್ಲಿ ಯಾರೂ ನಿಲ್ಲಬಾರದು. ಕೈ ಬೀಸಬಾರದು. ಹಾರ್ನ್ ಹೊಡೆಯಬಾರದು. ಹಸಿರು ಕಾರು ಕಂಡರೆ ಗುರುತೇ ಇಲ್ಲದವರಂತೆ ಇರಬೇಕು. ಜನ ಅವಳು ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು.

ಜುಲೈಯಲ್ಲಿ ಎರಡನೇ ಪರೀಕ್ಷೆ. ಅದೇ ಪರೀಕ್ಷಕಿ, ಅದೇ ರಸ್ತೆ. ಟೆಗ್ವೆನ್ ಸೇತುವೆಯ ಬುಡದಲ್ಲಿ ಕಾರು ನಿಲ್ಲಿಸಿ ಮೂಲೆ ನೋಡಿದರು. ಖಾಲಿ. ಕಲ್ಲು, ಕಲ್ಲಿನ ಸಂದಿನಲ್ಲಿ ಹುಲ್ಲು, ಅಷ್ಟೇ. ಮುಂದೆ ಏರುವ ರಸ್ತೆ, ಅದರ ಮೇಲೆ ಆಕಾಶ.

"ಮುಂದೆ ಹೋಗಬಹುದು," ಎಂದರು ಪರೀಕ್ಷಕಿ.

"ಹೌದು," ಎಂದರು ಟೆಗ್ವೆನ್. ಆದರೆ ಕಾಲು ಏಳಲಿಲ್ಲ.

ಅವರ ಹಿಂದೆ ಬ್ರೆಡ್ಡಿನ ವ್ಯಾನು ಬಂದು ನಿಂತಿತು. ಅದರ ಹಿಂದೆ ಪಶುವೈದ್ಯರ ಕಾರು, ಅದರ ಹಿಂದೆ ಟ್ರಾಕ್ಟರು. ಬೇರೆ ಊರಾಗಿದ್ದರೆ ಯಾರಾದರೂ ಹಾರ್ನ್ ಹೊಡೆಯುತ್ತಿದ್ದರು, ಅವರಿಗೂ ಎಚ್ಚರವಾಗುತ್ತಿತ್ತು. ನಮ್ಮವರು ಹೊಡೆಯಲಿಲ್ಲ. ಅತ್ತ ಕಡೆಯಿಂದ ಇಬ್ಬರು ಸೇತುವೆ ಏರಿ, ತುದಿಯಿಂದ ಹಸಿರು ಕಾರು ಕಂಡು, ಪರೀಕ್ಷೆಗೆ ಅಡ್ಡಿ ಬೇಡವೆಂದು ಸದ್ದಿಲ್ಲದೆ ಹಿಂದಕ್ಕೆ ಹೋಗಿ ಕಾದು ನಿಂತರು. ಹೊಳೆಯ ಎರಡು ಕಡೆಯೂ ಸಾಲು ಬೆಳೆಯಿತು. ಎಲ್ಲರೂ ಮುಂದೆ ನೋಡುತ್ತಾ ಗುರುತಿಲ್ಲದವರಂತೆ ಕೂತಿದ್ದರು. ಸೇತುವೆಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ.

ಕೊನೆಗೆ ಪರೀಕ್ಷಕಿ ತಾವೇ ಇಳಿದು ಸೇತುವೆ ಹತ್ತಿ ನೋಡಿ ಬಂದರು. ಆ ಕ್ಷಣಕ್ಕೇ ಫಲಿತಾಂಶ ಟೆಗ್ವೆನ್‌ಗೆ ಗೊತ್ತಾಗಿತ್ತು.

ಅಂದು ಮಧ್ಯಾಹ್ನ ನೆಸ್ಟಾ ಬಂದಾಗ ಟೆಗ್ವೆನ್ ಮೂಲೆಯಲ್ಲಿ ಗೋಡೆಗೆ ಮೊಣಕೈ ಊರಿ ನಿಂತಿದ್ದರು. ನೆಸ್ಟಾ ಚೇಷ್ಟೆ ಮಾಡಲಿಲ್ಲ. ಪಕ್ಕದಲ್ಲಿ ಹೋಗಿ ನಿಂತಳು.

"ಇಲ್ಲಿಂದ ನೋಡು," ಎಂದರು ಟೆಗ್ವೆನ್. "ಆ ತುದಿ ಕಾಣತ್ತೆ, ಈ ತುದಿ ಕಾಣತ್ತೆ. ಯಾರು ಬರ್ತಿದ್ದಾರೆ, ಎಷ್ಟು ಜೋರಾಗಿ ಬರ್ತಿದ್ದಾರೆ, ಎಲ್ಲ ಗೊತ್ತಾಗತ್ತೆ. ಕೆಳಗಡೆ ಕಾರಲ್ಲಿ ಕೂತ್ರೆ ಬರೀ ಆಕಾಶ. ಇಷ್ಟು ವರ್ಷ ನೀವೆಲ್ಲ ಆಕಾಶ ನೋಡ್ಕೊಂಡು ಹತ್ತಿ ಬರ್ತಿದ್ರಾ?"

"ನಿಮ್ಮ ಕೈ ನೋಡ್ಕೊಂಡು ಬರ್ತಿದ್ವಿ."

"ನಾನಿಲ್ಲದಾಗ? ನೀನು ಬೆಳಗಿನ ಜಾವ ಹಾಲಿಗೆ ಹೋಗ್ತೀಯಲ್ಲ, ಆಗ ನಾನು ಹಾಸಿಗೇಲಿರ್ತೀನಿ. ಆಗೇನ್ ಮಾಡ್ತೀಯ?"

ನೆಸ್ಟಾ ಈ ಬಗ್ಗೆ ಯೋಚಿಸಿಯೇ ಇರಲಿಲ್ಲ. "ಕಿಟಕಿ ಇಳಿಸಿ ಕೇಳಿಸ್ಕೋತೀನಿ. ಒಂದು ಸಲ ಹಾರ್ನ್ ಹೊಡೀತೀನಿ. ನಿಧಾನಕ್ಕೆ ಹತ್ತುತೀನಿ."

"ಯಾರಾದ್ರೂ ಎದುರಿಗೆ ಬಂದ್ರೆ?"

"ಹಿಂದಕ್ಕೆ ಬರ್ತೀನಿ."

"ಅಷ್ಟು ದೊಡ್ಡ ಟ್ಯಾಂಕರ್ ತಗೊಂಡು?"

"ಅಷ್ಟೇ ಆಂಟಿ. ಹತ್ತೋದಕ್ಕೆ ಧೈರ್ಯ ಏನೂ ಬೇಕಿಲ್ಲ. ಹಿಂದಕ್ಕೆ ಬರೋದು ಗೊತ್ತಿದ್ರೆ ಯಾರು ಬಂದ್ರೂ ಆಗತ್ತೆ." ಹೇಳಿ ಮುಗಿಸುವಾಗ ನೆಸ್ಟಾಗೇ ಹೊಳೆಯಿತು. "ಅಯ್ಯೋ, ನಿಮಗೆ ನಾನು ಸೇತುವೆ ಮೇಲೆ ರಿವರ್ಸ್ ಹೇಳ್ಕೊಟ್ಟೇ ಇಲ್ಲ!"

ನಿಜವಾಗಿಯೂ ಹೇಳಿಕೊಟ್ಟಿರಲಿಲ್ಲ. ಮೂಲೆಯಲ್ಲಿ ಯಾವಾಗಲೂ ಒಂದು ಕೈ ಇದ್ದುದರಿಂದ ಟೆಗ್ವೆನ್ ಆ ಸೇತುವೆಯ ಮೇಲೆ ಒಮ್ಮೆಯೂ ಯಾರಿಗೂ ಎದುರಾಗಿರಲಿಲ್ಲ. ಹರಾಜಿನ ಅಂಗಳದಲ್ಲಿ ದೊಡ್ಡಿಯ ಸಂದಿಗೆ ಹಿಂದಕ್ಕೆ ಹೋಗುವುದು ಅವರಿಗೆ ಬರುತ್ತಿತ್ತು. ಎರಡು ಕಡೆಯೂ ಕಲ್ಲುಗೋಡೆ, ಕೆಳಗೆ ನೀರು, ಮೇಲಿನಿಂದ ಇಳಿಜಾರು. ಇದರ ಮಾತೇ ಬೇರೆ.

ಮರುದಿನದಿಂದ ಅದೇ ಕೆಲಸ. ಸಂಜೆ ಗಾಡಿಗಳು ಕಡಿಮೆಯಾಗುವ ಹೊತ್ತಿಗೆ ಟೆಗ್ವೆನ್ ಪೇಟೆ ಕಡೆಯಿಂದ ಏರಿ ತುದಿಗೆ ಹೋಗುತ್ತಿದ್ದರು, ಹಿಂದಕ್ಕೆ ಇಳಿಯುತ್ತಿದ್ದರು. ಎರಡನೇ ದಿನ ಎಡಗಡೆಯ ಕನ್ನಡಿ ಗೋಡೆಗೆ ತಗುಲಿ ಹೊಳೆಗೆ ಬಿತ್ತು. ಮೂಲೆಯ ಕಲ್ಲಿನ ಮೇಲೆ ಉದ್ದವಾದ ಹಸಿರು ಗೀರು ಮೂಡಿತು.

"ಬಿಡಿ ಆಂಟಿ," ಎಂದಳು ನೆಸ್ಟಾ. "ಗೋಡೆ ಮೇಲೆ ನಿಮ್ಮದೊಂದು ಇರಲಿಲ್ಲ. ಈಗ ನೀವೂ ಊರಿನವರಾದ್ರಿ."

ಮೂರನೇ ದಿನ ಟೆಗ್ವೆನ್ ತುದಿಗೆ ಏರಿದಾಗ ಎದುರಿಗೆ ಇಥೆಲ್ ಅವರ ಟ್ರಾಕ್ಟರು. ಇಥೆಲ್ ಕನ್ನಡಕ ಹಾಕಿಕೊಂಡು ಸ್ಟೀರಿಂಗಿಗೆ ಒರಗಿ ಕೂತಿದ್ದರು.

"ಎದುರಿಗೆ ಗಾಡಿ ಇಲ್ದೆ ಹಿಂದಕ್ಕೆ ಹೋಗೋದು ಯಾವ ಅಭ್ಯಾಸ?" ಎಂದು ಕೂಗಿದರು. "ಹೋಗು ಮಗಳೇ. ನಾನು ಬರ್ತಾನೇ ಇರ್ತೀನಿ, ನೀನು ಹಿಂದಕ್ಕೆ ಹೋಗ್ತಾನೇ ಇರು."

"ಒಂದ್ಸಲ ನೀನೂ ಹಿಂದಕ್ಕೆ ಹೋಗು ನೋಡೋಣ!"

"ನಾನಾ? ಹುಟ್ಟಿದಾಗಿಂದ ಈ ಸೇತುವೆ ಮೇಲೆ ನಾನು ಹಿಂದಕ್ಕೆ ಬಂದೋನಲ್ಲ. ಇನ್ನು ಸಾಯೋ ಕಾಲಕ್ಕೆ ಬರ್ತೀನಾ?"

ದಿನಾ ಸಂಜೆ ಇಥೆಲ್ ಬಂದರು. ಟ್ರಾಕ್ಟರಿನಲ್ಲಿ ಒಮ್ಮೆ, ಪಿಕಪ್ಪಿನಲ್ಲಿ ಒಮ್ಮೆ, ಬೇಗ ಒಮ್ಮೆ, ನಿಧಾನಕ್ಕೆ ಒಮ್ಮೆ. ಬೈಯುತ್ತಾ, ಹಾಡುತ್ತಾ, ಒಮ್ಮೊಮ್ಮೆ ಟೆಗ್ವೆನ್ ಚೆನ್ನಾಗಿ ಇಳಿದಾಗ ಟೋಪಿ ತೆಗೆಯುತ್ತಾ. ಹುಲ್ಲು ಕೊಯ್ಯುವ ಕಾಲ ಅದು. ಅವರ ಹೊಲದಲ್ಲಿ ಕೆಲಸ ಎಷ್ಟು ಬಿದ್ದಿತ್ತು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬೇರೆ ಯಾರೋ ತಮ್ಮ ದಿನ ಬಿಟ್ಟುಕೊಟ್ಟದ್ದರಿಂದ ಟೆಗ್ವೆನ್‌ಗೆ ಮೂರನೇ ಪರೀಕ್ಷೆ ಆಗಸ್ಟ್ ಕೊನೆಯಲ್ಲಿ ಸಿಕ್ಕಿತು. ಇದಾದ ಮೇಲೆ ಶಾಲೆ ತೆರೆಯುವವರೆಗೆ ಬೇರೆ ದಿನವೇ ಇರಲಿಲ್ಲ. ಈ ಸಲ ನೆಸ್ಟಾ ಯಾರಿಗೂ ಏನೂ ಹೇಳಲಿಲ್ಲ. "ಪರೀಕ್ಷೆ ಅಂತ ತಿಳಿದ್ರೆ ತಾನೇ ಇವರ ಉಪಕಾರ!" ಎಂದಳು.

ಟೆಗ್ವೆನ್ ಪೇಟೆಯಿಂದ ಬಂದು ಸೇತುವೆಯ ಬುಡದಲ್ಲಿ ನಿಧಾನ ಮಾಡಿದರು. ಕಿಟಕಿ ಇಳಿಸಿದರು. ಹೊಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಮೂಲೆ ಖಾಲಿ ಇತ್ತೋ ಇಲ್ಲವೋ ಅವರಿಗೆ ಗೊತ್ತಿಲ್ಲವಂತೆ, ಆ ಕಡೆ ನೋಡಲಿಲ್ಲವಂತೆ. ಒಮ್ಮೆ ಹಾರ್ನ್ ಹೊಡೆದು, ಒಂದನೇ ಗೇರಿನಲ್ಲಿ ಆಕಾಶದತ್ತ ಏರಿದರು.

ತುದಿಯಲ್ಲಿ ಎದುರಾದದ್ದು ರಜೆಗೆ ಬಂದ ಹೊರಗಿನವರ ಕಾರು, ಅದು ಹಿಂದೆ ಎಳೆದುಕೊಂಡು ಬರುತ್ತಿದ್ದ ಮನೆಯಷ್ಟು ದೊಡ್ಡ ಬಿಳಿ ಕ್ಯಾರವಾನು. ಓಡಿಸುತ್ತಿದ್ದವರ ಮುಖ ಕ್ಯಾರವಾನಿಗಿಂತ ಬೆಳ್ಳಗಾಗಿತ್ತು. ಪಕ್ಕದಲ್ಲಿದ್ದ ಹೆಂಗಸು ನಕ್ಷೆಯಿಂದ ಮುಖ ಮುಚ್ಚಿಕೊಂಡಿದ್ದರು. ಅಂಥದನ್ನು ಆ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವುದು ಸಾಧ್ಯವೇ ಇಲ್ಲ.

ಟೆಗ್ವೆನ್ ಹಿಂದಕ್ಕೆ ಹೋಗಲು ಗೇರ್ ಹಾಕಿ ಕನ್ನಡಿ ನೋಡಿದರು. ಹಿಂದೆ ಅಂಟಿಕೊಂಡಂತೆ ಒಂದು ಪಿಕಪ್ಪು ನಿಂತಿತ್ತು. ಇಥೆಲ್.

ಇಥೆಲ್ ಪೇಟೆಯಿಂದ ಕುರಿಗಳ ಔಷಧಿ ತರುತ್ತಿದ್ದರು. ಪರೀಕ್ಷೆ ಎಂದು ಅವರಿಗೆ ತಿಳಿದಿರಲಿಲ್ಲ. ಹಸಿರು ಕಾರಿನಲ್ಲಿ ನೆಸ್ಟಾಳ ಬದಲು ತೆಳ್ಳಗಿನ ನೆಟ್ಟನೆಯ ಹೆಗಲು ಕಂಡಾಗಲೇ ಅವರಿಗೆ ಗೊತ್ತಾದದ್ದಂತೆ. ಇಥೆಲ್ ಸರಿಯದೆ ಟೆಗ್ವೆನ್ ಸರಿಯುವಂತಿಲ್ಲ. ಟೆಗ್ವೆನ್ ಕಿಟಕಿಯಿಂದ ಕೈ ಹೊರಗೆ ಹಾಕಿ ಏನನ್ನೂ ತೋರಿಸಲಿಲ್ಲ. ಹಿಂದಿನ ಬಿಳಿ ದೀಪ ಉರಿಯುತ್ತಿತ್ತು, ಅವರು ಬ್ರೇಕಿನ ಮೇಲೆ ಕಾಲಿಟ್ಟು ಸುಮ್ಮನೆ ಕಾದರು.

ಇಥೆಲ್ ಕನ್ನಡಕ ಸರಿ ಮಾಡಿಕೊಂಡರು. ಗುರುತಿಲ್ಲದವರಂತೆ ಎಲ್ಲೋ ನೋಡುತ್ತಾ, ಗೇರನ್ನು ಕಿರ್ರೆನ್ನಿಸಿ, ಹಿಂದಕ್ಕೆ ಹೊರಟರು. ಪಿಕಪ್ಪು ಬಲಗೋಡೆಗೆ ಒಂದು ಸಲ, ಎಡಗೋಡೆಗೆ ಒಂದು ಸಲ ಉಜ್ಜಿತು. ಕೆಳಗೆ ಹೊಲದ ಗೇಟಿನ ಕಲ್ಲಿಗೆ ಬಂಪರು ತಗುಲಿ ಕೆಳಕ್ಕೆ ಜೋತುಬಿತ್ತು. ಆದರೂ ಅವರು ರಸ್ತೆ ಬಿಟ್ಟು ಹುಲ್ಲ ಮೇಲೆ ಹೋಗಿ ನಿಂತರು.

ಅವರ ಹಿಂದೆ ಹಸಿರು ಕಾರು ಒಂದೇ ಗೆರೆಯಲ್ಲಿ, ಯಾವ ಕಲ್ಲಿಗೂ ತಾಗದೆ ಇಳಿದು ಬಂತು. ಕ್ಯಾರವಾನು ದಾಟಿ ಹೋಯಿತು. ಓಡಿಸುತ್ತಿದ್ದವರು ಬೆವರು ಒರೆಸಿಕೊಳ್ಳುತ್ತಾ ಎರಡು ಕೈ ಮುಗಿಯುವಂತೆ ಮಾಡಿದರು. ಟೆಗ್ವೆನ್ ಮತ್ತೆ ಕಿಟಕಿಗೆ ಕಿವಿ ಕೊಟ್ಟು, ಮತ್ತೆ ಒಮ್ಮೆ ಹಾರ್ನ್ ಹೊಡೆದು, ಸೇತುವೆ ದಾಟಿದರು.

ಪೇಟೆಯಲ್ಲಿ ಕಾರು ನಿಂತ ಮೇಲೆ ಪರೀಕ್ಷಕಿ ಬರೆಯುತ್ತಲೇ ಕೇಳಿದರು, "ಹಿಂದಿದ್ದ ಪಿಕಪ್ಪಿನವರು ನಿಮಗೆ ಗೊತ್ತಾ?"

"ಗೊತ್ತು," ಎಂದರು ಟೆಗ್ವೆನ್. "ಆದ್ರೆ ಇವತ್ತು ಅವನು ಬರ್ತಾನೆ ಅಂತ ಗೊತ್ತಿರಲಿಲ್ಲ. ಹಿಂದಕ್ಕೆ ಹೋಗ್ತಾನೆ ಅಂತಂತೂ ದೇವರಾಣೆ ಗೊತ್ತಿರಲಿಲ್ಲ."

ಪರೀಕ್ಷಕಿ ಮೊದಲ ಸಲ ನಕ್ಕರು. "ನೀವು ಪಾಸು."

ಶಾಲೆ ತೆರೆದ ದಿನ ಟೆಗ್ವೆನ್ ಬೆಳಕು ಹರಿಯುವಷ್ಟರಲ್ಲೇ ಮನೆ ಬಿಟ್ಟರು. ನೆಸ್ಟಾಳ ಅಮ್ಮ ಕಾರನ್ನು ಅವರಿಗೇ ಕೊಟ್ಟಿದ್ದರು, ಹೊಸ ಕನ್ನಡಿಯನ್ನು ಇಥೆಲ್ ಹಳೆಯದು ಬಿದ್ದ ವಾರವೇ ಹಾಕಿಸಿದ್ದರು. ಆ ವಾರ ಸೇತುವೆಯ ಮೇಲೆ ಗೊಂದಲವೋ ಗೊಂದಲ. ಬ್ರೆಡ್ಡಿನ ವ್ಯಾನು ಮತ್ತು ಪಶು ಆಹಾರದ ಲಾರಿ ಮೇಲಿನ ತುದಿಯಲ್ಲಿ ಮೂಗಿಗೆ ಮೂಗು ತಾಗಿಸಿ ನಿಂತವು. ಅಂಚೆಯವನು ಇಳಿದು ಇಬ್ಬರಿಗೂ ಬುದ್ಧಿ ಹೇಳಲು ಹೋಗಿ ತಾನೇ ಇಬ್ಬರಿಂದಲೂ ಬೈಸಿಕೊಂಡ. ಎರಡನೇ ವಾರಕ್ಕೆ ಜನ ಕಿಟಕಿ ಇಳಿಸಿ ಕೇಳಿಸಿಕೊಳ್ಳತೊಡಗಿದರು. ಈಗ ಸೇತುವೆಯ ಬುಡದಲ್ಲಿ ಒಂದು ಹಾರ್ನ್, ಸ್ವಲ್ಪ ಮೌನ, ಆಮೇಲೆ ಏರುವ ಎಂಜಿನ್ನು. ಹೊಲದಲ್ಲಿ ನಿಂತರೆ ಇದು ದಿನವಿಡೀ ಕೇಳುತ್ತದೆ. ಇಥೆಲ್ ಅಂತೂ ಅಗತ್ಯವಿಲ್ಲದಿದ್ದರೂ ಹಿಂದಕ್ಕೆ ಹೋಗುತ್ತಾರೆ, ಯಾರಾದರೂ ನೋಡಲಿ ಎಂದು.

ಆದರೆ ಇದೆಲ್ಲ ಆಮೇಲಿನ ಮಾತು. ಮೊದಲ ದಿನ ಮಧ್ಯಾಹ್ನ ದೊಡ್ಡ ಶಾಲೆಯ ಊಟದ ಮನೆಯಲ್ಲಿ ಮಕ್ಕಳ ಸಾಲು ಬಾಗಿಲಾಚೆಯವರೆಗೂ ಇತ್ತು. ನಮ್ಮ ಕಣಿವೆಯ ಮಬ್ಲಿ ಎಂಬ ಐದು ವರ್ಷದ ಹುಡುಗಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು, ನೆಲ ನೋಡುತ್ತಾ ಮುಂದೆ ಮುಂದೆ ಬರುತ್ತಿದ್ದಳು. ಬೆಳಗ್ಗಿನಿಂದ ಯಾರೊಡನೆಯೂ ಮಾತಾಡಿರಲಿಲ್ಲ ಎಂದು ಅವಳ ಟೀಚರ್ ಹೇಳಿದರು. ಕಿಟಕಿಯ ಬಳಿ ಬಂದಾಗ ತಲೆ ಎತ್ತಿದಳು.

"ಟೆಗ್ವೆನ್ ಆಂಟಿ!" ಎಂದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನೀವಿಲ್ಲಿ ಹೇಗೆ ಬಂದ್ರಿ? ಯಾರು ಕರ್ಕೊಂಡ್ ಬಂದ್ರು?"

"ಯಾರೂ ಇಲ್ಲ ಮರಿ," ಎಂದರು ಟೆಗ್ವೆನ್, ಅವಳ ತಟ್ಟೆಗೆ ಆಲೂಗಡ್ಡೆ ಹಾಕುತ್ತಾ. "ನಾನೇ ಬಂದೆ."

ಮಬ್ಲಿ ತಟ್ಟೆ ತೆಗೆದುಕೊಂಡಳು. ಆಮೇಲೆ ಹಿಂದೆ ನಿಂತಿದ್ದ, ಹೆಸರೂ ಗೊತ್ತಿಲ್ಲದ ಪೇಟೆಯ ಹುಡುಗಿಯ ಕಡೆ ತಿರುಗಿ, "ಇವ್ರು ನಮ್ಮೂರವ್ರು," ಎಂದಳು. "ಕೇಳಿದ್ರೆ ಇನ್ನೊಂದ್ ಸ್ವಲ್ಪ ಹಾಕ್ತಾರೆ. ಕೇಳು."